ಅಧಿಕಮಾಸದ ಲೆಕ್ಕ

ಶಿವರಾತ್ರಿ ಯಾವತ್ತು ಎಂದು ಈಶ್ವರಿ ಅಡುಗೆಮನೆಯಿಂದ ಕೇಳದೆ ಇದ್ದಿದ್ದರೆ ಉದಯಶಂಕರ ಆ ಬೆಳಗ್ಗೆ ಪಂಚಾಂಗ ಮುಟ್ಟುತ್ತಿರಲಿಲ್ಲ. ಮುಟ್ಟುವ ಅಭ್ಯಾಸವೇ ಅವನಿಗಿರಲಿಲ್ಲ. ಪುತ್ತೂರಿನ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದ ಮನುಷ್ಯ. ಯಾರಾದರೂ ಹುಟ್ಟಿದ ತಾರೀಕು ಹೇಳಿದರೆ ಅದು ಯಾವ ವಾರ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ, ಮದುವೆಮನೆಗಳಲ್ಲಿ ಅದು ಅವನ ಸಣ್ಣದೊಂದು ಪ್ರದರ್ಶನವೂ ಆಗಿತ್ತು. “ಫೆಬ್ರವರಿ ನಾಲ್ಕು,” ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದ. ಕಳೆದ ಸಲ ಹದಿನೈದು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿವಸ ಗಿಡ್ಡ. ಹದಿನೈದರಲ್ಲಿ ಹನ್ನೊಂದು ಹೋದರೆ ನಾಲ್ಕು. ಇದಕ್ಕೆಲ್ಲ ಪುಸ್ತಕ ಯಾಕೆ? “ಬಾಯಿಲೆಕ್ಕ ಬೇಡ, ಸರಿಯಾಗಿ ನೋಡಿ ಹೇಳಿ. ಆಚೆಮನೆಯವರಿಗೆ ಹೇಳ್ಲಿಕ್ಕುಂಟು,” ಎಂದಳು ಈಶ್ವರಿ. ಹೆಂಡತಿಯರಿಗೆ ಗಂಡನ ವಿದ್ಯೆಯ ಮೇಲೆ ಊರಿನವರಿಗಿರುವಷ್ಟು ನಂಬಿಕೆ ಇರುವುದಿಲ್ಲ ಎಂದುಕೊಳ್ಳುತ್ತ ಅವನು ಎದ್ದು, ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದು, ಕನ್ನಡಕ ಮೇಲೇರಿಸಿ ನೋಡಿದ. ಮಾರ್ಚ್ ಆರು ಎಂದಿತ್ತು. ಅಚ್ಚಿನ ತಪ್ಪು ಎಂದೇ ಮೊದಲು ಅನಿಸಿತು ಅವನಿಗೆ.

ಅಚ್ಚಿನ ತಪ್ಪಲ್ಲ. ಈ ವರ್ಷ ಜ್ಯೇಷ್ಠ ಎರಡು ಸಲ ಬಂದಿತ್ತು. ಅಧಿಕಮಾಸ. ಇಡೀ ಒಂದು ತಿಂಗಳು ಮದುವೆ ಇಲ್ಲ, ಉಪನಯನ ಇಲ್ಲ, ಊಟ ಇಲ್ಲ ಎಂದು ಅವನೇ ನಾಲ್ಕು ಜನರ ಎದುರು ತಮಾಷೆ ಮಾಡಿದ್ದ. ದೀಪಾವಳಿ ಎರಡು ವಾರ ಹಿಂದೆಯಷ್ಟೇ ಕಳೆದದ್ದು, ನವೆಂಬರಿನಲ್ಲಿ. ಇಷ್ಟು ತಡವಾಗಿ ಬಂತಲ್ಲ ಎಂದು ಎಣ್ಣೆ ಹಚ್ಚಿಕೊಳ್ಳುವಾಗ ಹೇಳಿದ್ದೂ ಅವನೇ. ಬೆರಳು ತಾನಾಗಿ ಶಿವರಾತ್ರಿಯಿಂದ ಹಿಂದೆ ಹಿಂದೆ ಸರಿಯಿತು. ಮಾಘ ಬಹುಳ ದ್ವಾದಶಿ, ದಶಮಿ, ಅಷ್ಟಮಿ. ಪಂಚಮಿಯ ಸಾಲಿನಲ್ಲಿ ನಿಂತಿತು. ಫೆಬ್ರವರಿ ಇಪ್ಪತ್ತೈದು, ಗುರುವಾರ. ಮಾಘ ಬಹುಳ ಪಂಚಮಿ ಅಪ್ಪನ ತಿಥಿ. ಫೆಬ್ರವರಿ ಇಪ್ಪತ್ತೈದು ಗುರುವಾರ, ಬೆಳಗ್ಗೆ ಆರು ಗಂಟೆಗೆ, ಅವನೂ ಈಶ್ವರಿಯೂ ಸುಳ್ಯದ ಸ್ನೇಹಿತ ಮೇದಪ್ಪನೂ ಅವನ ಹೆಂಡತಿ ಶೀಲಾವತಿಯೂ ತಾಂಜಾನಿಯಾದ ಗೊರೊಂಗೊರೊ ಎಂಬ ಆರಿದ ಅಗ್ನಿಪರ್ವತದ ಬಾಯಿಯೊಳಗೆ ಜೀಪಿನಲ್ಲಿ ಇಳಿಯುವುದು ಎಂದು ನಿಶ್ಚಯವಾಗಿತ್ತು. ದಿನ ಆರಿಸಿದವನು ಅವನೇ. ಕಳೆದ ಸಲ ತಿಥಿ ಫೆಬ್ರವರಿ ಆರಕ್ಕೆ ಬಂದಿತ್ತು, ಈ ಸಲ ಜನವರಿ ಇಪ್ಪತ್ತಾರಕ್ಕೆ ಬರುತ್ತದೆ, ಅದನ್ನು ಮುಗಿಸಿ ಆರಾಮವಾಗಿ ಹೊರಡಬಹುದು ಎಂದು ಬಾಯಿಲೆಕ್ಕ ಹಾಕಿದ್ದ. “ಸಿಕ್ಕಿತಾ?” ಎಂದು ಒಳಗಿನಿಂದ ಕೇಳಿತು. “ಮಾರ್ಚ್ ಆರು,” ಎಂದು ಹೇಳಿ ಪಂಚಾಂಗವನ್ನು ಮೊಳೆಗೆ ಸಿಕ್ಕಿಸಿದ.

ಊಟದ ಮೇಜಿನ ಅರ್ಧ ಭಾಗವನ್ನು ಆರು ತಿಂಗಳಿಂದ ಆ ಕುಳಿಯ ನಕ್ಷೆ ಆಕ್ರಮಿಸಿಕೊಂಡಿತ್ತು. ಅವನೇ ಪ್ರಿಂಟ್ ತೆಗೆಸಿ, ನಾಲ್ಕು ಹಾಳೆ ಅಂಟಿಸಿ, ಕೆಂಪು ಪೆನ್ನಿನಲ್ಲಿ ಇಳಿಯುವ ದಾರಿ, ನೀಲಿಯಲ್ಲಿ ಏರುವ ದಾರಿ ಎಳೆದಿದ್ದ. ಹತ್ತೊಂಬತ್ತು ಕಿಲೋಮೀಟರ್ ಅಗಲದ ಬಟ್ಟಲು. ಸುತ್ತ ಆರುನೂರು ಮೀಟರ್ ಎತ್ತರದ ಗೋಡೆ. ಒಳಗೆ ಹುಲ್ಲು, ಕೆರೆ, ಕಾಡು, ಘೇಂಡಾಮೃಗ, ಸಿಂಹ, ಸಾವಿರ ಸಾವಿರ ಕಾಡುಕೋಣದಂಥ ಪ್ರಾಣಿ. ಅಂಚಿನಲ್ಲಿ ನಿಂತರೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದಂತೆ. ಅದೇ ಅವನನ್ನು ಹಿಡಿದದ್ದು. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ, ಹೊರಗೆ ಏನೂ ಬಾಕಿ ಉಳಿಯದಂತೆ, ಪೂರ್ತಿ ಕಾಣುವ ವಸ್ತುವೊಂದನ್ನು ಅವನು ಜೀವಮಾನದಲ್ಲಿ ಕಪ್ಪುಹಲಗೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಈಶ್ವರಿಗೆ ಅಂಥ ತತ್ವವೇನೂ ಇಲ್ಲ. ಅವಳಿಗೆ ಜಿರಾಫೆ ಬೇಕಿತ್ತು. ಕುಳಿಯ ಗೋಡೆ ಕಡಿದಾದ್ದರಿಂದ ಜಿರಾಫೆ ಒಳಗೆ ಇಳಿಯುವುದಿಲ್ಲ ಎಂದು ಅವನು ಓದಿ ಹೇಳಿದಾಗ, “ಅದಕ್ಕಾದ್ರೂ ಬುದ್ಧಿ ಉಂಟು,” ಎಂದಿದ್ದಳು. ಗೊರೊಂಗೊರೊ ಎಂಬುದು ಅವಳ ಬಾಯಿಯಲ್ಲಿ ಗೊರಗೊರ ಆಗಿತ್ತು, ಕಫ ಕಟ್ಟಿದವರ ಎದೆಯ ಹಾಗೆ. “ನಾವು ಗೊರಗೊರಕ್ಕೆ ಹೋಗುದು” ಎಂದು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಳು. ಹೊಸ ಬೂಟ್ಸು ಕಚ್ಚಬಾರದೆಂದು ದಿನಾ ಬೆಳಗ್ಗೆ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಅಂಗಳದಲ್ಲಿ ಇಪ್ಪತ್ತು ಸುತ್ತು ಬರುತ್ತಿದ್ದಳು. ಐವತ್ತೊಂಬತ್ತು ವರ್ಷದ ಹೆಂಗಸು. ಈಗಲೂ ಆ ಬೂಟ್ಸಿನ ಸದ್ದು ಅಡುಗೆಮನೆಯಿಂದ ಕೇಳುತ್ತಿತ್ತು.

ಪಾಸ್‌ಪೋರ್ಟುಗಳನ್ನು ಶಿಹಾಬ್‌ಗೆ ಕೊಡಬೇಕಾದದ್ದು ಅದೇ ದಿನ. ಶಿಹಾಬ್ ಅವನ ಹಳೆಯ ವಿದ್ಯಾರ್ಥಿ, ಪುತ್ತೂರಿನ ಮುಖ್ಯರಸ್ತೆಯ ಕಟ್ಟಡವೊಂದರ ಮೇಲಿನ ಮಾಳಿಗೆಯಲ್ಲಿ ಟ್ರಾವೆಲ್ ಆಫೀಸು ಇಟ್ಟವನು. ಗಲ್ಫಿಗೆ ಹೋಗುವವರು, ಉಮ್ರಾಕ್ಕೆ ಹೋಗುವವರು ಅವನ ಗಿರಾಕಿಗಳು. ಅಗ್ನಿಪರ್ವತ ನೋಡಲು ಹೊರಟವರು ಇವರೇ ಮೊದಲು. ಆಫೀಸಿನ ಮೆಟ್ಟಿಲು ಹತ್ತುವಾಗ ಮೇದಪ್ಪನ ಫೋನು ಬಂತು. ಮೇದಪ್ಪ ಅದೇ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು, ಈಗಲೂ ಫೋನಿನಲ್ಲಿ ಮೈದಾನದ ಆಚೆ ತುದಿಗೆ ಕೇಳುವಂತೆಯೇ ಮಾತಾಡುವವನು. “ಉದಯಣ್ಣ, ದುರ್ಬೀನು ಬಂತು ಮಾರಾಯ್ರೆ! ಗುಡ್ಡೆ ಮೇಲಿಂದ ಹಿಡಿದ್ರೆ ಆಚೆಮನೆಯ ಕೋಳಿಯ ಕಣ್ಣು ಕಾಣ್ತದೆ. ನಿನ್ನೆ ಒಬ್ಬ ಕೇಳ್ತಾನೆ, ಆನೆ ನೋಡ್ಲಿಕ್ಕೆ ಅಷ್ಟು ದೂರ ಹೋಗುದು ಯಾಕೆ, ನನ್ನ ಬಾಳೆತೋಟಕ್ಕೆ ಬಂದು ಕೂತ್ಕೊಳ್ಳಿ ಅಂತ! ನಾನು ಹೇಳಿದೆ, ನಿನ್ನ ತೋಟದ ಆನೆ ನನ್ನನ್ನು ಓಡಿಸ್ತದೆ, ಅಲ್ಲಿಯ ಆನೆ ನನ್ನನ್ನು ನೋಡ್ತದೆ. ಅಷ್ಟೇ ವ್ಯತ್ಯಾಸ.” ಉದಯಶಂಕರ ನಕ್ಕ. ಇವನಿಗೆ ಹೇಗೆ ಹೇಳುವುದು? ಹೇಳಿದರೆ ಮೇದಪ್ಪ ಒಂದು ಮಾತೂ ಆಡದೆ, “ಬಿಡಿ, ಬರುವ ವರ್ಷ ಹೋಗುವ,” ಎನ್ನುತ್ತಾನೆ, ಅದು ಗೊತ್ತು. ಆ ದೊಡ್ಡತನವನ್ನು ತಡೆದುಕೊಳ್ಳುವುದು ಕಷ್ಟ. ಬಯ್ದರೆ ಬೇಕಾದಷ್ಟು ಸುಲಭ.

“ಕೂತ್ಕೊಳ್ಳಿ ಸಾರ್,” ಎಂದು ಶಿಹಾಬ್ ಎದ್ದು ನಿಂತು ಫ್ಯಾನು ಹಾಕಿದ. ಒಮ್ಮೆ ಇವನ ಉತ್ತರಪತ್ರಿಕೆಗೆ ನೂರಕ್ಕೆ ಹನ್ನೆರಡು ಕೊಟ್ಟದ್ದು ಉದಯಶಂಕರನಿಗೆ ಯಾವಾಗಲೂ ನೆನಪಾಗುತ್ತಿತ್ತು, ಇವತ್ತೂ ಆಯಿತು. ಆ ದಿನ ಕ್ಲಾಸಿನಲ್ಲಿ ಪತ್ರಿಕೆಯನ್ನು ಎತ್ತಿ ತೋರಿಸಿ ಏನೋ ಹೇಳಿದ್ದೂ ನೆನಪಾಗುತ್ತಿತ್ತು. ಏನೆಂದು ನೆನಪಿಲ್ಲ, ಎಲ್ಲರೂ ನಕ್ಕದ್ದು ಮಾತ್ರ ಉಂಟು. ಶಿಹಾಬ್ ಕಂಪ್ಯೂಟರ್ ತಿರುಗಿಸಿ ತೋರಿಸಿದ: ಇಪ್ಪತ್ತನಾಲ್ಕು ಸಂಜೆ ಅಂಚಿನ ಲಾಡ್ಜು, ಇಪ್ಪತ್ತೈದು ಬೆಳಗ್ಗೆ ಗೇಟು. “ಒಂದು ಮುಖ್ಯ ವಿಷಯ ಸಾರ್. ಕ್ರೇಟರಿನ ಒಳಗೆ ಮಧ್ಯಾಹ್ನದ ಊಟ ಗಾಡಿಯ ಒಳಗೇ ಮಾಡ್ಬೇಕು. ಹೊರಗೆ ತಂದ್ರೆ ಹದ್ದು ಬಂದು ಕೈಯಿಂದಲೇ ಎತ್ತಿಕೊಂಡು ಹೋಗ್ತದಂತೆ. ಮೇಡಂಗೆ ಹೇಳಿಡಿ.” ಉದಯಶಂಕರನ ತಲೆಯಲ್ಲಿ ಆ ಕ್ಷಣಕ್ಕೆ ಬಂದ ಯೋಚನೆಯನ್ನು ಹೇಳಲೇ ನಾಚಿಕೆ: ಪಿಂಡವನ್ನು ಅಲ್ಲೇ ಇಟ್ಟರಾಯಿತು, ಇಲ್ಲಿ ಕಾಗೆಗೆ ಕಾದು ಕಾದು ಸಾಕಾಗುತ್ತದೆ, ಅಲ್ಲಿ ಹದ್ದು ಕರೆಯದೆ ಬರುತ್ತದೆ. ಛೆ. ಅಪ್ಪನ ವಿಷಯದಲ್ಲಿ ತನಗೆ ಇಂಥದ್ದು ಹೊಳೆಯುತ್ತದಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

“ಶಿಹಾಬ್, ಈ ದಿನ ಒಂದೆರಡು ಆಚೆ ಈಚೆ ಮಾಡ್ಲಿಕ್ಕೆ ಆಗ್ತದಾ?” ಎಂದು, ಸುಮ್ಮನೆ ಕೇಳಿದವನ ಹಾಗೆ, ಕೇಳಿದ. “ಇಲ್ಲ ಸಾರ್. ಅದು ಮರಿ ಹಾಕುವ ಸೀಸನ್, ಲಾಡ್ಜು ಸಿಗುದಿಲ್ಲ. ಹಿಂದೆ ಮುಂದೆ ಎಲ್ಲ ಫುಲ್. ಯಾಕೆ ಸಾರ್, ಎಂತಾದ್ರೂ ತೊಂದರೆ ಉಂಟಾ?” “ಏನಿಲ್ಲ ಮಾರಾಯ.” ಶಿಹಾಬ್ ಅವನ ಮುಖ ನೋಡಿದ. ಹನ್ನೆರಡು ಅಂಕದ ಹುಡುಗನಿಗೆ ಈಗ ನಲವತ್ತು ದಾಟಿದೆ, ದಿನಕ್ಕೆ ಇಪ್ಪತ್ತು ಜನರ ಮುಖ ನೋಡಿ ಯಾರ ವೀಸಾ ಯಾಕೆ ತಡವೆಂದು ಹೇಳುವವನು. “ಮನೆಯಲ್ಲಿ ತಿಥಿ ಎಂತಾದ್ರೂ ಬಂತಾ ಸಾರ್?” ಉದಯಶಂಕರ ಹೇಳಲೇಬೇಕಾಯಿತು. ಹನ್ನೊಂದು ದಿವಸದ ಲೆಕ್ಕ, ಅಧಿಕಮಾಸ ಮರೆತದ್ದು, ಎಲ್ಲ. ಶಿಹಾಬ್ ಮೊದಲು ನಗಲಿಲ್ಲ, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. “ಸಾರಿ ಸಾರ್. ಆದ್ರೆ ನೀವು ಹಾಕಿದ್ದು ನಮ್ಮ ಲೆಕ್ಕ! ನಮ್ಮಲ್ಲಿ ಅಧಿಕಮಾಸ ಇಲ್ಲ. ರಂಜಾನು ಪ್ರತಿ ವರ್ಷ ಹನ್ನೊಂದು ದಿವಸ ಹಿಂದೆ, ಹಿಂದೆ, ಹಾಗೇ ಹೋಗ್ತಾ ಇರ್ತದೆ. ಈ ಸಲ ಫೆಬ್ರವರಿಯಲ್ಲಿ, ಅದಕ್ಕೇ ನಾನು ನಿಮ್ಮ ಒಟ್ಟಿಗೆ ಬರುದಿಲ್ಲ ಹೇಳಿದ್ದು. ನಿಮ್ಮದು ಹಾಗಲ್ಲ, ಎರಡು ಮೂರು ವರ್ಷಕ್ಕೊಮ್ಮೆ ತಿರುಗಿ ಮುಂದೆ ಬರ್ತದೆ. ನನ್ನಂಥ ದಡ್ಡನಿಗೆ ಗೊತ್ತುಂಟು ಸಾರ್, ನಿಮಗೆ ಹೇಗೆ ಮರೆಯಿತು?”

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಉದಯಶಂಕರ ನಾಲ್ಕೂ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲಿಟ್ಟು, ಮತ್ತೆ ತೆಗೆದು, ಸಂಜೆ ತಿಳಿಸುತ್ತೇನೆ ಎಂದು ಹೇಳಿ ಇಳಿದ. ಹೇಗೆ ಮರೆಯಿತು? ಬಿಸಿಲಿನಲ್ಲಿ ನಡೆಯುತ್ತ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ. ದೀಪದ ಬುಡದಲ್ಲೇ ಕತ್ತಲೆ ಎಂದು ಹೇಳಿ ನಕ್ಕುಬಿಡಬಹುದಾದ ಮರೆವು ಇದು. ಆದರೆ ಲೆಕ್ಕ ಹಾಕಿದ ಆ ದಿನ ಪಂಚಾಂಗ ಮೊಳೆಯಲ್ಲೇ ನೇತಾಡುತ್ತಿತ್ತು, ಮೂರು ಹೆಜ್ಜೆ ದೂರದಲ್ಲಿ. ಎದ್ದು ನೋಡಲಿಲ್ಲ. ಕಾಲೇಜಿನಲ್ಲಿದ್ದಾಗ, ಹುಡುಗರು ಉತ್ತರ ಸರಿಯಿದೆಯೇ ಎಂದು ತಾಳೆ ನೋಡದೆ ಬಿಟ್ಟರೆ, ‘ನಿನಗೆ ಸರಿ ಉತ್ತರ ಬೇಡ, ಬೇಕಾದ ಉತ್ತರ ಬೇಕು’ ಎಂದು ಬಯ್ಯುತ್ತಿದ್ದವನು ತಾನು. ಕಳೆದ ತಿಥಿಯ ದಿವಸ ಹೋಮದ ಹೊಗೆಯಲ್ಲಿ ಕೂತು, ಜನಿವಾರ ಬಲಕ್ಕೆ ಎಡಕ್ಕೆ ಹಾಕುತ್ತ, ಮೊಣಕಾಲು ನೋಯುತ್ತಿರುವಾಗ ಒಂದು ಸಲ ಅಂದುಕೊಂಡದ್ದು ನೆನಪಾಯಿತು: ಒಂದು ವರ್ಷ, ಒಂದೇ ಒಂದು ವರ್ಷ ಈ ದಿನ ನಾನು ಎಲ್ಲಾದರೂ ದೂರ ಇದ್ದಿದ್ದರೆ. ಹಾಗೆ ಅಂದುಕೊಂಡ ಹೊತ್ತಿಗೆ ಭಟ್ಟರು ಮುತ್ತಜ್ಜನ ಹೆಸರು ಕೇಳಿದ್ದರು, ಅದು ಬಾಯಿಗೆ ಬಂದಿರಲಿಲ್ಲ, ಹಿಂದಿನಿಂದ ತಮ್ಮ ಮುರಳಿಕೃಷ್ಣ ಮೆಲ್ಲಗೆ ಹೇಳಿಕೊಟ್ಟಿದ್ದ. ಭಟ್ಟರು ಕೇಳಿಸಿಯೂ ಕೇಳಿಸದವರಂತೆ ಮಂತ್ರ ಮುಂದುವರಿಸಿದ್ದರು.

ಮನೆ ತಲುಪಿದಾಗ ಈಶ್ವರಿ ಬೂಟ್ಸು ಬಿಚ್ಚಿ ಅದರೊಳಗೆ ಪೇಪರು ತುರುಕುತ್ತಿದ್ದಳು. ಅವನು ಕೂತು ನೀರು ಕುಡಿದು ಹೇಳಿಬಿಟ್ಟ. ಅವಳು ಹಾಗೇ ಕೈಯಲ್ಲಿ ಒಂದು ಬೂಟ್ಸು ಹಿಡಿದು ಕೇಳಿದಳು. ಸಿಟ್ಟು ಬರುತ್ತದೆ ಎಂದು ಅವನು ಕಾದ. “ನೋಡಿ ಹೇಳಿ ಅಂತ ನಾನು ಆಗಲೇ ಹೇಳಿದ್ದೆ,” ಎಂದಳು, ಅಷ್ಟೇ. ಬೂಟ್ಸಿನ ಲೇಸು ಎಳೆಯುತ್ತ, “ಹಾಗಾದ್ರೆ ಹೋಗುದಿಲ್ವಾ?” ಎಂದು ಕೇಳಿದ ಸ್ವರ ಅವನಿಗೆ ಪರಿಚಯದ್ದಲ್ಲ, ಮೂವತ್ತನಾಲ್ಕು ವರ್ಷದಲ್ಲಿ ಅವಳು ಇಷ್ಟು ಮೆಲ್ಲಗೆ ಏನನ್ನೂ ಕೇಳಿರಲಿಲ್ಲ. ಅವನು ಅವಸರವಾಗಿ ಹೇಳಿದ: ದಾರಿ ಉಂಟು, ತಪ್ಪಿದ ತಿಥಿಯನ್ನು ಅಮಾವಾಸ್ಯೆಗೆ ಮಾಡಬಹುದು, ಶಾಸ್ತ್ರವೇ ಹೇಳುತ್ತದೆ, ಅಷ್ಟರಲ್ಲಿ ನಾವು ವಾಪಸು ಬಂದಿರುತ್ತೇವೆ, ಭಟ್ಟರಿಗೆ ಒಂದು ಫೋನು ಮಾಡಿದರೆ ಆಯಿತು. ಈಶ್ವರಿ ಬೂಟ್ಸನ್ನು ಕೆಳಗಿಟ್ಟಳು. “ಅದು ಸೂತಕ ಬಂದು ತಪ್ಪಿದವರಿಗೆ, ಮಾಡುವವರು ಯಾರೂ ಇಲ್ಲದವರಿಗೆ. ಮುರಳಿ ಇದ್ದಾನಲ್ಲ?”

ಅವಳಿಗೆ ಎಷ್ಟು ಸುಲಭ. ಅವನಿಗೂ ಬೆಳಗ್ಗೆ ಪಂಚಾಂಗದ ಎದುರು ನಿಂತಾಗ ಮೊದಲು ಬಂದ ಹೆಸರು ಅದೇ, ಬಂದ ಕೂಡಲೇ ಬಾಗಿಲು ಹಾಕಿದ್ದ. ಮುರಳಿ ಇರುವ, ಅಪ್ಪನ ಕಾಣಿಯೂರಿನ ಮನೆ, ಜಾಗ ಪಾಲಾಗಿರಲಿಲ್ಲ. ಪಾಲಾಗದ ಮನೆಯಲ್ಲಿ ತಿಥಿ ಒಂದೇ, ಮಾಡುವವನು ಹಿರಿಯ. ಅಪ್ಪ ತೀರಿಹೋಗಿ ಒಂಬತ್ತು ವರ್ಷ; ಒಂಬತ್ತೂ ವರ್ಷ ತಿಥಿ ಆದದ್ದು ಪುತ್ತೂರಿನ ಈ ಮನೆಯಲ್ಲಿ, ಮಾಡಿದ್ದು ಅವನು. “ಅವನ ಹತ್ರ ಹೇಗೆ ಕೇಳುದು?” ಎಂದ. “ಎಂತ ಹೇಗೆ? ಬಾಯಲ್ಲಿ ಕೇಳುದು.” “ಆಫ್ರಿಕಕ್ಕೆ ಹೋಗ್ಲಿಕ್ಕುಂಟು, ಅಪ್ಪನ ತಿಥಿ ನೀನು ಮಾಡು ಅಂತ ಹೇಳುದಾ? ಊರಿಡೀ ನಗ್ತದೆ.” ಈಶ್ವರಿ ಅವನನ್ನು ನೋಡಿದಳು. “ಊರಿಗೆ ಬೇರೆ ಕೆಲಸ ಉಂಟು. ನೀವು ಕೇಳದಿದ್ರೆ ನಾನು ಕೇಳ್ತೇನೆ.” ಅದು ಆಗಬಾರದು. ಅಣ್ಣನ ಪರವಾಗಿ ಅತ್ತಿಗೆ ಮಾತಾಡುವುದೆಂದರೆ ಇನ್ನೂ ಕಡೆ. ಫೋನಿನಲ್ಲಿ ಹೇಳುವ ವಿಷಯವೂ ಇದಲ್ಲ. ಊಟ ಮಾಡಿ, ಮೂರು ಗಂಟೆಯ ಹೊತ್ತಿಗೆ, ಕಾಣಿಯೂರಿನ ಮೇಲೆ ಹೋಗುವ ಸುಬ್ರಹ್ಮಣ್ಯದ ಬಸ್ಸು ಹಿಡಿದ.

ಬಸ್ಸಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು ತುಂಬಿದ್ದರು. ಕಿಟಕಿಯ ಸೀಟು ಸಿಗಲಿಲ್ಲ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿದ. ಈ ವರ್ಷ ಒಂದು ಅನಿವಾರ್ಯ ಬಂದಿದೆ. ಅನಿವಾರ್ಯ ಎಂದರೆ ಸುಳ್ಳು. ಈ ವರ್ಷ ಲೆಕ್ಕ ಸ್ವಲ್ಪ ತಪ್ಪಿತು. ಅದೂ ಪೂರ್ತಿ ನಿಜವಲ್ಲ. ಅಪ್ಪ ಮಲಗಿದ ಕೊನೆಯ ಎರಡು ವರ್ಷ ಇದೇ ಬಸ್ಸಿನಲ್ಲಿ ಪ್ರತಿ ಆದಿತ್ಯವಾರ ಹೋಗುತ್ತಿದ್ದ, ಒಂದು ಕಿಲೋ ಕಿತ್ತಳೆ ಹಿಡಿದುಕೊಂಡು. ಮಂಚದ ಪಕ್ಕ ಕುರ್ಚಿಯಲ್ಲಿ ಕೂರುತ್ತಿದ್ದ. ಅಪ್ಪ ಪಂಚಾಂಗ ಬಾಯಿಪಾಠ ಇದ್ದ ಮನುಷ್ಯ, ಮುಹೂರ್ತ ಕೇಳಲು ಸವಣೂರಿನಿಂದ ಜನ ಬರುತ್ತಿದ್ದರು, ಮಲಗಿದ ಮೇಲೂ ಕೇಳುವುದು ಅದೇ: “ಇವತ್ತು ತಿಥಿ ಯಾವುದು?” ಇವನು ಎರಡು ಕ್ಷಣ ಲೆಕ್ಕ ಹಾಕಿ ಷಷ್ಠಿ ಎನ್ನುತ್ತಿದ್ದ. ಮುರಳಿ ಅಪ್ಪನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಪೌಡರು ಹಾಕುತ್ತ, “ಸಪ್ತಮಿ ಅಪ್ಪ, ಷಷ್ಠಿ ಎಂಟು ಗಂಟೆಗೇ ಮುಗಿಯಿತು,” ಎನ್ನುತ್ತಿದ್ದ. ಆ ಪೌಡರಿನ ಡಬ್ಬಿ, ಆ ಬಿಸಿನೀರಿನ ಪಾತ್ರೆ, ಹಾಸಿಗೆಯ ಕೆಳಗಿನ ಆ ವಾಸನೆ. ತಾನು ಕಿತ್ತಳೆ ಸುಲಿದು ಎಳೆ ಬಿಡಿಸಿ ತಟ್ಟೆಯಲ್ಲಿಟ್ಟು ನಾಲ್ಕೂವರೆಯ ಬಸ್ಸಿಗೆ ಹೊರಡುತ್ತಿದ್ದ. ಅಪ್ಪ ಹೋದ ದಿವಸ ಎಲ್ಲರೂ ದಾರಿ ಬಿಟ್ಟುಕೊಟ್ಟರು, ಹಿರಿಯವ ಬಂದ, ಹಿರಿಯವ ಬಂದ ಎಂದು; ಬೆಂಕಿ ಅವನ ಕೈಗೆ ಬಂತು. ಎರಡು ವರ್ಷ ಮೈ ತೊಳೆದ ಕೈ ಹಿಂದೆ ನಿಂತಿತ್ತು. ಆ ಹೊತ್ತಿನಲ್ಲಿ ಅದು ಅವನ ಗಮನಕ್ಕೂ ಬಂದಿರಲಿಲ್ಲ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಅಷ್ಟೇ ನೆನಪು.

ತಿಥಿಯ ದಿವಸ ಮುರಳಿ ಬೆಳಗ್ಗಿನ ಮೊದಲ ಬಸ್ಸಿಗೇ ಪುತ್ತೂರಿಗೆ ಬರುತ್ತಿದ್ದ. ಬಾಳೆಲೆ, ಬಾಳೆಕಾಯಿ, ತೆಂಗಿನಕಾಯಿ, ದರ್ಭೆ, ಹಾಲು. ಬಂದವನೇ ಕಾಯಿ ಸುಲಿದು, ಸ್ನಾನ ಮಾಡಿ, ಒದ್ದೆ ಮುಂಡಿನಲ್ಲಿ ಅಣ್ಣನ ಬೆನ್ನ ಹಿಂದೆ ನಿಲ್ಲುವುದು. ಈಶ್ವರಿ ಮತ್ತು ಮುರಳಿಯ ಹೆಂಡತಿ ಹೇಮಶ್ರೀ ಒಳಗೆ ವಡೆ, ಸಿಹಿ ಸುಟ್ಟವು ಕರಿಯುವುದು. ಮಧ್ಯಾಹ್ನ ಊಟವಾದ ಮೇಲೆ ಮುರಳಿಯೂ ಹೇಮಶ್ರೀಯೂ ಪಾತ್ರೆ ಚೀಲ ಕಟ್ಟಿಕೊಂಡು ಹೊರಡುವುದು. ಉದಯಶಂಕರ ಆರಾಮಕುರ್ಚಿಯಲ್ಲಿ ಕಾಲು ಚಾಚಿ, “ಅಬ್ಬ, ಈ ವರ್ಷದ್ದು ಆಯಿತು,” ಎನ್ನುವುದು. ತಮ್ಮನೆದುರೇ ಹೇಳುತ್ತಿದ್ದ. ಹಿರಿಯನಾಗಿ ಹುಟ್ಟಿದ ಕರ್ಮಕ್ಕೆ ಹೊರುವ ಹೊರೆ ಇದು, ಚಿಕ್ಕವರಿಗೆ ಏನು, ಬಂದು ಊಟ ಮಾಡಿ ಹೋಗುವುದು ಎಂಬ ಧಾಟಿಯಲ್ಲಿ. ಬಸ್ಸು ಕಾಣಿಯೂರಿನಲ್ಲಿ ನಿಂತಾಗ ಆ ಧಾಟಿ ಅವನ ಕಿವಿಗೆ ಕೆಟ್ಟದಾಗಿ ಕೇಳಿಸಿತು.

ಮುರಳಿ ಹಾಲಿನ ಸೊಸೈಟಿಯಲ್ಲಿದ್ದ. ಫೋನು ಮಾಡಿದಾಗಲೇ ಹೇಳಿದ್ದ, “ಅಲ್ಲಿಗೇ ಬಾ ಅಣ್ಣ, ಒಟ್ಟಿಗೆ ಮನೆಗೆ ಹೋಗುವ,” ಎಂದು. ಸಂಜೆಯ ಹಾಲು ಹಾಕಲು ಹತ್ತು ಹನ್ನೆರಡು ಜನ ಸ್ಟೀಲಿನ ಕ್ಯಾನು ಹಿಡಿದು ಸಾಲಿನಲ್ಲಿದ್ದರು. ಇವನನ್ನು ಕಂಡು ಇಬ್ಬರು ಮೂವರು ನಮಸ್ಕಾರ ಹೇಳಿದರು, ಒಬ್ಬರು “ಮಾಸ್ಟ್ರೇ, ಆಫ್ರಿಕ ಎಂತ ಆಯಿತು?” ಎಂದು ಕೇಳಿಯೂ ಬಿಟ್ಟರು. ಮುರಳಿ ಸಾಲಿನಿಂದ ಹೊರಗೆ ಬಂದ. ಐವತ್ತೇಳು ವರ್ಷ, ಅಪ್ಪನದೇ ಹಣೆ, ಮುಂಡು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದ. “ಎಂತ ಅಣ್ಣ, ಇದ್ದಕ್ಕಿದ್ದ ಹಾಗೆ? ಅತ್ತಿಗೆ ಆರಾಮ ಉಂಟಲ್ಲ?” ಮನೆಗೆ ಹೋಗಿ ಕಾಫಿ ಕುಡಿದು, ಆಚೆ ಈಚೆಯ ಮಾತಾಡಿ ಆಮೇಲೆ ಹೇಳುವುದೆಂದು ಉದಯಶಂಕರ ಅಂದುಕೊಂಡಿದ್ದ, ಅಲ್ಲಿಯವರೆಗೆ ತನ್ನ ಧೈರ್ಯ ಉಳಿಯುವುದಿಲ್ಲವೆಂದು ಗೊತ್ತಾಯಿತು. “ಮುರಳಿ, ಈ ವರ್ಷ ಅಪ್ಪನ ತಿಥಿ ನೀನು ಮಾಡ್ಬಹುದಾ?” ಮುರಳಿ ಕ್ಯಾನಿನ ಮುಚ್ಚಳ ಸರಿಮಾಡುತ್ತ, “ಅದಕ್ಕೆ ಇಷ್ಟು ದೂರ ಬಂದದ್ದಾ? ಬಾಳೆಲೆ, ಕಾಯಿ ಎಲ್ಲ ನಾನೇ ತರುದಲ್ವಾ ಯಾವಾಗ್ಲೂ. ಈ ಸಲ ಭಟ್ರಿಗೂ ನಾನೇ ಹೇಳ್ತೇನೆ, ನಿನಗೆ ಕಾಲುನೋವು,” ಎಂದ. ಅವನಿಗೆ ಅರ್ಥವೇ ಆಗಿರಲಿಲ್ಲ. ತಿಥಿಯಲ್ಲಿ ತಾನು ಮಾಡುವುದೆಂದರೆ ಅದಷ್ಟೇ ಎಂದು ಅವನಿಗೆ ಅಷ್ಟು ರೂಢಿಯಾಗಿತ್ತು. ಉದಯಶಂಕರ ಕ್ಯಾನಿನ ಹಿಡಿಕೆಗೆ ಕೈ ಹಾಕಿ ತಡೆದ. “ಅದಲ್ಲ. ನೀನು ಕೂತು ಮಾಡುದು. ನಿನ್ನ ಕೈಯಲ್ಲಿ. ನಾನು ಇರುದಿಲ್ಲ.”

ಮುರಳಿ ಕ್ಯಾನನ್ನು ನೆಲದ ಮೇಲಿಟ್ಟ. ಉದಯಶಂಕರ ಅವಸರದಲ್ಲಿ ಎಲ್ಲ ಹೇಳತೊಡಗಿದ, ಕುಳಿ, ಲಾಡ್ಜು, ಮರಿ ಹಾಕುವ ಕಾಲ, ಜನವರಿಗೆ ಬರುತ್ತದೆ ಎಂದುಕೊಂಡದ್ದು. “ಇಪ್ಪತ್ತೈದು, ಗುರುವಾರ,” ಎಂದ ಮುರಳಿ ನಡುವೆ. “ಯುಗಾದಿಗೆ ಪಂಚಾಂಗ ತಂದ ದಿವಸವೇ ನೋಡಿಡುದು ನಾನು. ನೀನು ಹೋಗುದು ಆಮೇಲೆ ಅಂತ ಗ್ರಹಿಸಿದ್ದೆ. ಲೆಕ್ಕ ನಿನಗೆ ತಪ್ಪುದಾ ಅಣ್ಣ?” ನಂಬಲಾರದೆ ಕೇಳಿದ ಪ್ರಶ್ನೆ ಅದು; ಅಣ್ಣನಿಗೆ ಲೆಕ್ಕ ತಪ್ಪಬಹುದೆಂದು ಅವನಿಗೆ ಈ ಐವತ್ತೇಳು ವರ್ಷದಲ್ಲಿ ತೋಚಿರಲಿಲ್ಲ. “ತಪ್ಪಿತು,” ಎಂದ ಉದಯಶಂಕರ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕೆನಿಸಿತು. “ಪಂಚಾಂಗ ಅಲ್ಲೇ ಇತ್ತು. ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲವೋ ಏನೋ, ಗೊತ್ತಿಲ್ಲ.” ತಮ್ಮ ಈಗ ಏನಾದರೂ ಹೇಳುತ್ತಾನೆ ಎಂದು ಕಾದ. ಎರಡು ವರ್ಷ ಮೈ ತೊಳೆದವನು, ಹೇಳಬೇಕಾದವನು, ಹೇಳಲಿ. ಹಾಲಿನವರ ಮುಂದೆಯೇ ಹೇಳಲಿ.

ಮುರಳಿ ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. “ಎಲ್ಲಿ ಮಾಡುದು? ಪುತ್ತೂರಿನಲ್ಲಾ?” ಎಂದು ಕೇಳಿದ. “ಇಲ್ಲಿ ಮಾಡು. ಮನೆಯಲ್ಲಿ.” “ಅಪ್ಪ ಇದ್ದ ಕೋಣೆಯ ಎದುರು ಜಾಗ ಉಂಟು,” ಎಂದ ಮುರಳಿ, ತನಗೇ ಹೇಳಿಕೊಳ್ಳುವವನ ಹಾಗೆ. ಕೈಯನ್ನು ಮುಂಡಿಗೆ ಒರೆಸಿಕೊಂಡು ಫೋನು ತೆಗೆದ, ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದ. “ಹೇಮಾ, ಕೇಳ್ತದಾ? ಈ ಸಲ ಅಪ್ಪನ ತಿಥಿ ನಮ್ಮಲ್ಲಿ. ಹೌದು, ನಮ್ಮಲ್ಲಿ. ನಾನೇ ಕೂತ್ಕೊಳ್ಳುದು. ಇಲ್ಲ, ಜಗಳ ಎಂತದ್ದೂ ಇಲ್ಲ. ಅಣ್ಣನೇ ಬಂದು ಹೇಳಿದ್ದು. ಅಣ್ಣನೇ.” ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಸೊಸೈಟಿಯ ಹುಡುಗಿ ಒಳಗಿನಿಂದ “ಮುರಳಿಯಣ್ಣ, ನಿಮ್ಮ ಹಾಲು” ಎಂದು ಎರಡು ಸಲ ಕರೆದಳು. ಅವನಿಗೆ ಕೇಳಿಸಲಿಲ್ಲ. ಮದುವೆ ನಿಶ್ಚಯವಾದ ಸುದ್ದಿ ಹೇಳುವವನ ಹಾಗೆ ಅವನ ಮುಖ ಅರಳಿತ್ತು, ಕಣ್ಣು ತುಂಬಿತ್ತು. ಹೊರೆ, ಕರ್ಮ, ಈ ವರ್ಷದ್ದು ಆಯಿತು ಎಂದು ಒಂಬತ್ತು ವರ್ಷ ತಾನು ನಿಟ್ಟುಸಿರು ಬಿಟ್ಟ ವಸ್ತುವಿಗೆ ಈ ಮನುಷ್ಯ ಬೆನ್ನ ಹಿಂದೆ ನಿಂತು ಕೈ ಚಾಚಿಕೊಂಡೇ ಇದ್ದ, ಬಾಯಿ ಬಿಟ್ಟು ಕೇಳದೆ. ಕೇಳುವ ಕ್ರಮ ಇಲ್ಲ ಎಂದು ಕೇಳದೆ. ಉದಯಶಂಕರನಿಗೆ ನಾಚಿಕೆಯಾಯಿತು. ಬೆಳಗ್ಗಿನಿಂದ ಆದ ಎಲ್ಲ ನಾಚಿಕೆಗಳೂ ಇದರ ಮುಂದೆ ಏನೂ ಅಲ್ಲ.

ಮನೆಗೆ ಬಾ, ಕಾಫಿ ಕುಡಿದು ಹೋಗು ಎಂದು ಮುರಳಿ ಎಷ್ಟು ಹೇಳಿದರೂ ಇನ್ನೊಂದು ದಿವಸ ಬರುತ್ತೇನೆ, ಶಿಹಾಬ್‌ಗೆ ಪಾಸ್‌ಪೋರ್ಟು ಕೊಡಲಿಕ್ಕುಂಟು ಎಂದ. ಹೇಮಶ್ರೀಯ ಎದುರು ಈಗ ನಿಲ್ಲುವ ಶಕ್ತಿ ಅವನಿಗಿರಲಿಲ್ಲ. ಮುರಳಿ ಹಾಲು ಅಳೆದುಕೊಟ್ಟು, ಖಾಲಿ ಕ್ಯಾನು ಹಿಡಿದು ಬಸ್‌ಸ್ಟಾಪಿನವರೆಗೂ ಬಂದ. ದಾರಿಯುದ್ದಕ್ಕೂ ಅವನೇ ಮಾತಾಡಿದ: ಯಾವ ಭಟ್ಟರಿಗೆ ಹೇಳುವುದು, ಅಪ್ಪನಿಗೆ ಇಷ್ಟದ ಯಾವ ಕಾಯಿಪಲ್ಯ ಆ ಹೊತ್ತಿಗೆ ಸಿಗುತ್ತದೆ, ಅಂಗಳಕ್ಕೆ ಸೆಗಣಿ ಸಾರಿಸಲು ಯಾರನ್ನು ಕರೆಯುವುದು. ಅಲ್ಲಿ ಸಿಂಹ ಜೀಪಿನ ಹತ್ತಿರ ಬರುತ್ತದೋ ಎಂದೂ ಒಮ್ಮೆ ಕೇಳಿದ, ಮರ್ಯಾದೆಗೆ. ಉತ್ತರಕ್ಕೆ ಕಾಯಲಿಲ್ಲ. ಪುತ್ತೂರಿನ ಬಸ್ಸು ಬಂತು. ಉದಯಶಂಕರ ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ಕೆಳಗಿನಿಂದ ಮುರಳಿ, ಕ್ಯಾನನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ, ಸ್ವರ ತಗ್ಗಿಸಿ, ಬಹಳ ಸಂಕೋಚದಿಂದ ಕೇಳಿದ:

“ಅಣ್ಣ, ಬರುವ ವರ್ಷ ಕೂಡ ಎಲ್ಲಿಗಾದ್ರೂ ಹೋಗುದು ಉಂಟಾ?”

ಕಂಡಕ್ಟರ್ ಸೀಟಿ ಊದಿದ. “ಉಂಟು,” ಎಂದ ಉದಯಶಂಕರ. “ಬರುವ ವರ್ಷವೂ ಉಂಟು.” ಎಲ್ಲಿಗೆ ಎಂದು ಮುರಳಿ ಕೇಳಲಿಲ್ಲ.